ರಿಪೇರಿಯಕ್ಕ ಕೇಳಲಾರದ ಪ್ರಶ್ನೆ

ನಮ್ಮ ಕಡೆ ಹೊಲಿಗೆ ಮಷಿನ್ ಕೆಟ್ಟರೆ ಯಾರೂ ಅದನ್ನು ಅಂಗಡಿಗೆ ಹೊತ್ತುಕೊಂಡು ಹೋಗುವುದಿಲ್ಲ, ರಿಪೇರಿಯಕ್ಕನಿಗೆ ಫೋನ್ ಮಾಡುತ್ತೇವೆ. ಅವಳು ಹೆಗಲಿಗೆ ಚೀಲ ಹಾಕಿಕೊಂಡು ಬಂದು, ಮಷಿನ್ನನ್ನು ಒಂದು ಸಲ ಓಡಿಸಿ, ಕಣ್ಣು ಮುಚ್ಚಿ ಕೇಳುತ್ತಾಳೆ. ಆಮೇಲೆ ನಮ್ಮನ್ನು ವಿಚಾರಣೆಗೆ ನಿಲ್ಲಿಸುತ್ತಾಳೆ. "ಕೊನೇ ಸಲ ಎಣ್ಣೆ ಬಿಟ್ಟಿದ್ದು ಯಾವಾಗ? ಸುಳ್ಳು ಹೇಳ್ಬೇಡಿ, ನಂಗೆ ಸದ್ದಲ್ಲೇ ಗೊತ್ತಾಗುತ್ತೆ." ಇಪ್ಪತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿರುವ ನಾನೂ ಅವಳ ಮುಂದೆ ಪಾಠ ಒಪ್ಪಿಸದ ಹುಡುಗಿಯ ಹಾಗೆ ತಲೆ ತಗ್ಗಿಸಿ ನಿಲ್ಲುತ್ತೇನೆ. ಈ ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಬಾಯಿ ಮಾತ್ರ ಸ್ವಂತದ್ದು.

ಅಂಥ ಬಾಯಿಗೂ ಒಂದು ಸಲ ಬೀಗ ಬಿದ್ದ ಕಥೆ ಇದು. ನನ್ನ ಮಷಿನ್ನಿನ ಹೊಟ್ಟೆ ಬಿಚ್ಚಿ ಹರಡಿಕೊಂಡು ಅವಳೇ ನನಗೆ ಹೇಳಿದ್ದು. "ಬರಿ ಬೇಕಾದ್ರೆ, ಹೆಸರೊಂದು ಹಾಕ್ಬೇಡ" ಅಂದಿದ್ದಾಳೆ.

ಅವಳ ಗಂಡ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಆ ವ್ಯಾನು ಮೂವತ್ತರ ಮೇಲೆ ಹೋಗಿದ್ದನ್ನು ಕಂಡವರಿಲ್ಲ. ಹಿಂದಿನಿಂದ ಲಾರಿಗಳು ಹಾರನ್ ಹೊಡೆದು ಹೊಡೆದು ಸುಸ್ತಾಗುತ್ತವೆ, ಇವನು ಕನ್ನಡಿ ನೋಡಿ ಕೈ ಬೀಸಿ "ಹೋಗಿ ಸ್ವಾಮಿ" ಅನ್ನುತ್ತಾನೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಸೆ. "ಯಜಮಾನ್ರು ರಸ್ತೇಲಿ ಮಾತ್ರ ನಿಧಾನ" ಅಂತ ಹೇಳಿ ರಿಪೇರಿಯಕ್ಕ ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಂಡಳು.

ನಲವತ್ನಾಲ್ಕನೇ ವಯಸ್ಸಿನಲ್ಲಿ, ಸ್ನಾನ ಮಾಡುವಾಗ, ಎಡಗಡೆಯ ಎದೆಯಲ್ಲಿ ಗಂಟು ಸಿಕ್ಕಿತು. ಪರೀಕ್ಷೆಗಳಾದವು, ಕ್ಯಾನ್ಸರ್ ಅಂತ ಗೊತ್ತಾಯಿತು, ಆ ಮೊಲೆಯನ್ನು ತೆಗೆದರು. ಆಮೇಲೆ ಮೂರು ವಾರಕ್ಕೊಂದರಂತೆ ಆರು ಸಲ ಕೀಮೋ ಡ್ರಿಪ್ ಏರಿಸಬೇಕು ಅಂದರು. ಮೊದಲ ಡ್ರಿಪ್ ಆಗಿ ಹದಿನೈದು ದಿನಕ್ಕೆ ಕೂದಲು ಕೈಗೆ ಬಂತು. ಎರಡನೆಯದರ ಹೊತ್ತಿಗೆ ಮುಟ್ಟು ನಿಂತಿತು. ಅವಳು ತಲೆಗೆ ಉಲ್ಲನ್ ಟೋಪಿ ಹಾಕಿಕೊಂಡು, ಮೈ ಸ್ವಲ್ಪ ಚೆನ್ನಾಗಿರುವ ದಿನಗಳಲ್ಲಿ ಹತ್ತಿರದ ಅಂಗಡಿಗಳಿಗಷ್ಟೇ ರಿಪೇರಿಗೆ ಹೋಗುತ್ತಿದ್ದಳು.

ಮನೆ ನೋಡಿಕೊಳ್ಳಲು ಗಂಡನ ಅಕ್ಕ ಬಂದಳು. ಹುಡುಗಿಯರ ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷ ವಾರ್ಡನ್ ಆಗಿ, ನಿವೃತ್ತಳಾಗಿ, ಆಳಲು ಯಾರೂ ಇಲ್ಲದೆ ಎರಡು ವರ್ಷದಿಂದ ಸುಮ್ಮನೆ ಕೂತಿದ್ದ ಹೆಂಗಸು. ಬಂದ ದಿನವೇ ಎರಡು ಟ್ರಂಕನ್ನು ಸೀದಾ ಮಲಗುವ ಕೋಣೆಗೆ ಸಾಗಿಸಿದಳು.

"ನೀನು ಹಾಲ್‌ನಲ್ಲಿ ಮಲ್ಕೋ" ಅಂತ ತಮ್ಮನ ಕೈಗೆ ಚಾಪೆ, ದಿಂಬು ಕೊಟ್ಟಳು. "ಊರಿನ ಮಕ್ಕಳ ಶೀತ, ಕೆಮ್ಮು ಎಲ್ಲ ನಿನ್ನ ವ್ಯಾನಿಂದಾನೇ ಮನೆಗೆ ಬರೋದು. ಇವಳಿಗೆ ಸೋಂಕು ತಗಲಬಾರದು. ಇವಳ ಜೊತೆ ನಾನು ಮಲಗ್ತೀನಿ."

"ಅಲ್ಲ ಅಕ್ಕಾ..."

"ಅಲ್ಲಾನೂ ಇಲ್ಲ, ಗಿಲ್ಲಾನೂ ಇಲ್ಲ."

ಎಂಟು ಗಂಟೆಗೆ ಊಟ, ಒಂಬತ್ತಕ್ಕೆ ದೀಪ ಆರಿಸುವುದು, ಕೋಣೆಯ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ನಲವತ್ತೊಂಬತ್ತು ವರ್ಷದ ತಮ್ಮ, ಹೆಂಡತಿಯ ಹತ್ತಿರ ಎರಡು ಮಾತಾಡಲು ಹೋದರೆ, ಹಿಂದೆಯೇ ಬಂದು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು. ಆದರೆ ಒಂದು ಮಾತು ಹೇಳಲೇಬೇಕು. ವಾಂತಿಯಾದರೆ ಬಕೆಟ್ ಹಿಡಿದು ನಿಂತವಳು ಅವಳೇ, ಬಾಯಿ ಹುಣ್ಣಾದಾಗ ತಣ್ಣಗಿನ ಸೂಪನ್ನು ಚಮಚದಲ್ಲಿ ಕುಡಿಸಿದವಳೂ ಅವಳೇ. ಬೈಯುತ್ತಲೇ ಕುಡಿಸುತ್ತಿದ್ದಳು, ಅಷ್ಟೆ. ರಿಪೇರಿಯಕ್ಕ ಅವಳನ್ನು ಎದುರಿಗೆ ಅತ್ತಿಗೆ ಅನ್ನುತ್ತಿದ್ದಳು, ಹಿಂದಿನಿಂದ ವಾರ್ಡನ್.

ಮೂರನೆಯ ಡ್ರಿಪ್ ಆಗಿ ಎರಡು ವಾರ ಕಳೆದಿತ್ತು. ಅದು ಒಳ್ಳೆಯ ವಾರ. ಬಾಯಿಗೆ ರುಚಿ ವಾಪಸ್ ಬಂದಿತ್ತು, ಕಾಲಿಗೆ ಬಲ ಬಂದಿತ್ತು. ಅದರ ಜೊತೆಗೆ, ಯಾರೂ ಕರೆಯದೆ, ಆಸೆಯೂ ಬಂತು. "ತಲೇಲಿ ಕೂದಲಿಲ್ಲ, ಎದೇಲಿ ಒಂದಿಲ್ಲ, ಇದೊಂದು ಬೇರೆ ಕೇಡು ಅಂತ ನನಗೇ ನಗು ಬಂತು ಕಣೆ" ಅಂದಳು. ಭಾನುವಾರ ಮಧ್ಯಾಹ್ನ ವಾರ್ಡನ್ ಕನ್ನಡಕದ ಕಾಲು ಮುರಿದಿದೆ ಅಂತ ಪೇಟೆಗೆ ಹೊರಟಳು. "ಬರೋಕೆ ಎರಡು ಗಂಟೆ ಹಿಡಿಯುತ್ತೆ" ಅಂದಳು. ಗೇಟಿನ ಸದ್ದು ಕೇಳಿದ್ದೇ ತಡ, ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರೀಕ್ಷೆಯ ಹಿಂದಿನ ದಿನ ಸಿನಿಮಾಕ್ಕೆ ಹೊರಟ ಹಾಸ್ಟೆಲ್ ಹುಡುಗಿಯರ ಹಾಗೆ ಎದೆ ಡವಡವ. ಎಷ್ಟೋ ವಾರದ ಮೇಲೆ ಆ ಬಾಗಿಲಿಗೆ ಚಿಲಕ ಬಿತ್ತು.

ಆಗಿದ್ದೇ ಬೇರೆ. ಮೊದಲ ಕ್ಷಣಕ್ಕೇ ಮರಳು ಕಾಗದದಿಂದ ಉಜ್ಜಿದ ಹಾಗೆ ಉರಿದು, ಅವಳು "ಅಯ್ಯಮ್ಮಾ!" ಅಂತ ಕೂಗಿಬಿಟ್ಟಳು. ಗಂಡನಿಗೆ ಜೀವ ಬಾಯಿಗೆ ಬಂತು. ಎದ್ದವನೇ ಷರ್ಟು ತಿರುಗುಮುರುಗು ಹಾಕಿಕೊಂಡ. ಒಂದು ಲೋಟ ನೀರು ತಂದ, ಫ್ಯಾನ್ ಜೋರು ಮಾಡಿದ, "ಆಂಬುಲೆನ್ಸ್ ಕರೀಲಾ?" ಅಂತ ಕೇಳಿದ.

"ಕರೆದು ಏನಂತ ಹೇಳ್ತೀರಿ?" ಅಂದಳು ಅವಳು, ಅಳುತ್ತಾ ನಗುತ್ತಾ.

ಅಷ್ಟರಲ್ಲಿ ಗೇಟು ಸದ್ದಾಯಿತು. ಕನ್ನಡಕದ ಅಂಗಡಿಗೆ ರಜೆ. ವಾರ್ಡನ್ ಒಳಗೆ ಬರುವಾಗ ತಮ್ಮ ತಿರುಗುಮುರುಗು ಷರ್ಟಿನಲ್ಲಿ ನೀರಿನ ಲೋಟ ಹಿಡಿದು ನಡುಗುತ್ತಿದ್ದಾನೆ, ಅವನ ಹೆಂಡತಿ ಗೋಡೆಗೆ ಮುಖ ಮಾಡಿ ಬೆವರುತ್ತಿದ್ದಾಳೆ.

"ಜ್ವರ!" ಅಂತ ತೀರ್ಮಾನ ಕೊಟ್ಟು ಅವಳ ಬಾಯಿಗೆ ಥರ್ಮಾಮೀಟರ್ ತುರುಕಿದಳು. ಜ್ವರ ಇರಲಿಲ್ಲ. ಅದನ್ನು ತೊಳೆದು ತಂದು ತಮ್ಮನ ಬಾಯಿಗೂ ತುರುಕಿದಳು. "ನೀನೇ ಏನೋ ಅಂಟಿಸ್ಕೊಂಡು ಬಂದಿದ್ದೀಯ. ಮುಖ ನೋಡು, ಕುಂಬಳಕಾಯಿ ಕದ್ದವನ ಹಾಗಿದೆ." ಬಾಯಲ್ಲಿ ಥರ್ಮಾಮೀಟರ್ ಇದ್ದದ್ದೇ ಒಳ್ಳೆಯದಾಯಿತು, ಅವನು ಉತ್ತರ ಕೊಡಬೇಕಾಗಲಿಲ್ಲ.

ಆವತ್ತಿನಿಂದ ಅವನು ಕೋಣೆಯ ಹೊಸ್ತಿಲು ದಾಟುವುದನ್ನೇ ಬಿಟ್ಟ. ಆಚೆಯೇ ನಿಂತು "ಹೇಗಿದ್ದೀಯ?" ಅನ್ನುತ್ತಿದ್ದ, ಪಕ್ಕದ ಮನೆಯವರನ್ನು ಕೇಳುವ ಹಾಗೆ. ಲೋಟ ಕೊಡುವಾಗ ಬೆರಳಿಗೆ ಬೆರಳು ತಾಗದಂತೆ ಕೊಡುತ್ತಿದ್ದ. ಅವಳು ಅದಕ್ಕೆ ಬೇರೆಯೇ ಅರ್ಥ ಹಚ್ಚಿಕೊಂಡಳು. ಆ ದಿನ ಹಗಲು ಬೆಳಕಿನಲ್ಲಿ ಗಾಯದ ಗುರುತು ಕಂಡಿತಲ್ಲ, ಅದಕ್ಕೇ ಇವರಿಗೆ ಹೇಸಿಗೆಯಾಗಿದೆ ಅಂದುಕೊಂಡಳು. ಬಚ್ಚಲುಮನೆಯ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ವಾರ್ಡನ್ ಹೊರಗಿನಿಂದ "ನೀರು ಪೋಲು ಮಾಡ್ಬೇಡ" ಅಂದಳು.

ಒಂದು ವಾರ ಅತ್ತ ಮೇಲೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಕೆಟ್ಟಿದ್ದು ಏನು ಅಂತ ನೋಡದೆ ಕೂತು ಅಳುವವಳೇ ನಾನು? ಡಾಕ್ಟರನ್ನೇ ಕೇಳೋಣ. ಈ ಧೈರ್ಯ ಆಸ್ಪತ್ರೆಯ ಗೇಟಿನವರೆಗೂ ಚೆನ್ನಾಗಿಯೇ ಇತ್ತು.

ಡಾಕ್ಟರ್ ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಪಕ್ಕದ ಕುರ್ಚಿಯಲ್ಲಿ ವಾರ್ಡನ್ ನೋಟ್‌ಬುಕ್ ತೆರೆದು ಕೂತಿದ್ದಳು. ದಿನಕ್ಕೆ ಎಷ್ಟು ಸಲ ವಾಂತಿ, ಎಷ್ಟು ಗಂಟೆ ನಿದ್ದೆ, ಎಷ್ಟು ಲೋಟ ನೀರು, ಎಲ್ಲವನ್ನೂ ಅವಳೇ ಒಪ್ಪಿಸಿದಳು. ಡಾಕ್ಟರ್ ಕೊನೆಗೆ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು, ಮೇಜು ನೋಡುತ್ತಾ ಕೇಳಿದ.

"ಮತ್ತೆ ಅಮ್ಮಾ... ಸಂಸಾರ ಎಲ್ಲ ಹೇಗೆ ನಡೀತಿದೆ?"

"ನಡೀತಿದೆ ಡಾಕ್ಟ್ರೇ. ಮಗಳು ಬೇರೆ ಊರಲ್ಲಿ ಓದ್ತಿದ್ದಾಳೆ, ಅಡುಗೆ ಎಲ್ಲ ಇವರೇ ಮಾಡ್ತಾರೆ."

"ಅದಲ್ಲ... ಅಂದ್ರೆ... ಸಂಸಾರ."

"ಗ್ಯಾಸ್ ಸಿಲಿಂಡರು ಮೊನ್ನೆ ತಾನೇ ಬಂತು" ಅಂದಳು ವಾರ್ಡನ್.

ಡಾಕ್ಟರ್ ಏನು ಕೇಳುತ್ತಿದ್ದಾನೆ ಅಂತ ರಿಪೇರಿಯಕ್ಕನಿಗೆ ಆಗ ಹೊಳೆಯಿತು. "ಡಾಕ್ಟ್ರೇ, ಒಂಥರಾ... ಒಣಗಿದ ಹಾಗೆ ಆಗಿದೆ" ಅಂದಳು.

"ಬಾಯಾ?"

"ಬಾಯಲ್ಲ."

"ಚರ್ಮಾನಾ?"

"ಚರ್ಮ... ಅಂತಾನೂ ಅನ್ನಬಹುದು."

"ದಿನಕ್ಕೆ ಹತ್ತು ಲೋಟ ನೀರು ಕುಡಿಸ್ತಿದ್ದೀನಿ ಡಾಕ್ಟ್ರೇ, ಹೇಗೆ ಒಣಗುತ್ತೆ?" ಅಂತ ವಾರ್ಡನ್ ಜಗಳಕ್ಕೇ ನಿಂತಳು. ಡಾಕ್ಟರಿಗೆ ಬದುಕಿದೆಯಾ ಬಡಜೀವವೇ ಅನಿಸಿರಬೇಕು. ಸರಸರ ಚೀಟಿ ಬರೆದು ಕೊಟ್ಟ. ಕೈಕಾಲಿಗೆ ಹಚ್ಚುವ ಲೋಷನ್, ದಿನಕ್ಕೆರಡು ಸಲ.

ಅದೇ ದಿನ ನಾಲ್ಕನೆಯ ಡ್ರಿಪ್. ಡ್ರಿಪ್ ಏರಿಸುವ ಕೋಣೆಯಲ್ಲಿ ಒಬ್ಬರು ದೊಡ್ಡ ಸಿಸ್ಟರ್ ಇದ್ದರು. ಇನ್ನೆರಡು ವರ್ಷಕ್ಕೆ ನಿವೃತ್ತಿ, ಸಣ್ಣ ಡಾಕ್ಟರುಗಳೆಲ್ಲ ಅವರನ್ನು ಕಂಡರೆ ದಾರಿ ಬಿಡುತ್ತಿದ್ದರು. ಸೂಜಿ ಚುಚ್ಚುವಾಗ ಅವರು ರಿಪೇರಿಯಕ್ಕನ ಕೈಯಲ್ಲಿದ್ದ ಲೋಷನ್ ಚೀಟಿ ನೋಡಿದರು, ಅವಳ ಮುಖ ನೋಡಿದರು, ಆಮೇಲೆ ವಾರ್ಡನ್ ಕಡೆ ತಿರುಗಿದರು.

"ಮೇಡಂ, ಈ ಫೈಲಿಗೆ ಮೂರನೇ ಮಹಡೀಲಿ ಸೀಲ್ ಹಾಕಿಸ್ಕೊಂಡು ಬನ್ನಿ. ಲಿಫ್ಟ್ ಕೆಟ್ಟಿದೆ. ನಿಧಾನವಾಗಿ ಹೋಗಿ."

ವಾರ್ಡನ್ ಮಂಡಿ ಹಿಡಿದುಕೊಂಡು ಹೊರಟಳು. ಸಿಸ್ಟರ್ ಪರದೆ ಎಳೆದರು.

"ಈಗ ಹೇಳಿ. ಯಜಮಾನ್ರ ಜೊತೆ ಸೇರಿದಾಗ ಉರೀತಾ?"

ಇಷ್ಟು ಸಲೀಸಾಗಿ ಕೇಳಿಬಿಟ್ಟರಲ್ಲ ಅಂತ ರಿಪೇರಿಯಕ್ಕನಿಗೆ ಅಳುವೇ ಬಂತು. ತಲೆ ಆಡಿಸಿದಳು.

"ಉರಿಯದೆ ಏನು ಮಾಡುತ್ತೆ? ಈ ಔಷಧಿ ಮುಟ್ಟು ನಿಲ್ಲಿಸುತ್ತೆ, ಮುಟ್ಟು ನಿಂತಾಗ ಆ ಜಾಗ ಒಣಗುತ್ತೆ. ಇಲ್ಲಿ ಕೂತಿರೋ ಅರ್ಧಕ್ಕರ್ಧ ಹೆಂಗಸರಿಗೆ ಇದೇ ಗೋಳು, ಒಬ್ಬರೂ ಬಾಯಿ ಬಿಡಲ್ಲ. ನೀವು ಕೆಟ್ಟು ಹೋಗಿಲ್ಲ, ತಿಳೀತಾ?"

ಸಿಸ್ಟರ್ ಒಂದೊಂದೇ ಬಿಡಿಸಿ ಹೇಳಿದರು. ಔಷಧಿ ಅಂಗಡಿಯಲ್ಲಿ ಇದಕ್ಕೇ ಅಂತ ಜೆಲ್ ಸಿಗುತ್ತೆ, ನೀರಿನಂಶದ್ದನ್ನೇ ಕೇಳಿ ತಗೊಳ್ಳಿ. ಹಾರ್ಮೋನ್ ಇರುವ ಕ್ರೀಮನ್ನು ನಿಮ್ಮ ಥರದ ಗಡ್ಡೆಯವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಡ್ರಿಪ್ ಆದ ಮೇಲೆ ಕೆಲವು ದಿನ ಔಷಧಿಯ ಅಂಶ ಮೈಯಲ್ಲಿರುತ್ತೆ, ಆಗ ಕಾಂಡೋಮ್ ಬೇಕೇ ಬೇಕು. ಮುಟ್ಟು ನಿಂತಿದೆ ಅಂತ ಬಸಿರು ನಿಲ್ಲಲ್ಲ ಅಂದುಕೊಳ್ಳಬೇಡಿ, ಚಿಕಿತ್ಸೆ ಮುಗಿಯುವವರೆಗೂ ಬಳಸಿ. ರಕ್ತದಲ್ಲಿ ಬಿಳಿ ಕಣ ಕಡಿಮೆ ಇದೆ ಅಂದ ವಾರ ಬೇಡ. ರಕ್ತ ಕಂಡರೆ, ಜ್ವರ ಬಂದರೆ ಇಲ್ಲಿಗೆ ಬನ್ನಿ. "ಮತ್ತೆ ಅಡುಗೆ ಎಣ್ಣೆ, ಮಷಿನ್ ಎಣ್ಣೆ ಅಂತ ಕೈಗೆ ಸಿಕ್ಕಿದ್ದು ಹಚ್ಕೋಬೇಡಿ."

"ಮಷಿನ್ ಎಣ್ಣೆ ಯಾರು ಹಚ್ಕೋತಾರೆ ಸಿಸ್ಟರ್?"

"ನಾನು ನೋಡಿರೋದನ್ನ ನೀವು ನೋಡಿಲ್ಲ" ಅಂದರು ಸಿಸ್ಟರ್. "ಯಜಮಾನ್ರು ಎಲ್ಲಿ?"

ಯಜಮಾನರು ಕೆಳಗೆ ವ್ಯಾನಿನಲ್ಲಿದ್ದರು. ಫೋನ್ ಮಾಡಿ ಕರೆಸಿದರು. ಸಿಸ್ಟರ್ ಅವನಿಗೂ ಅದೇ ಪಾಠ ಹೇಳಿದರು. ಅವನು ಎರಡೂ ಕೈ ಕಟ್ಟಿಕೊಂಡು, ಲೈಸೆನ್ಸ್ ಪರೀಕ್ಷೆಗೆ ನಿಂತವನ ಹಾಗೆ, ಪ್ರತಿ ಮಾತಿಗೂ ತಲೆ ಆಡಿಸಿದ. ಎಲ್ಲ ಮುಗಿದ ಮೇಲೆ, ಕೇಳುವುದೇನಾದರೂ ಇದೆಯಾ ಅಂದಾಗ, ಸಣ್ಣ ದನಿಯಲ್ಲಿ ಕೇಳಿದ.

"ಸಿಸ್ಟರ್, ಇದೆಲ್ಲ ನನ್ನಿಂದ ಬಂದಿದ್ದಲ್ಲ ತಾನೆ? ಆವತ್ತು ಅವಳು ಕೂಗಿದ್ಲು. ನಾನೇ ಒಳಗೆ ಏನೋ ಹಾಳು ಮಾಡಿಬಿಟ್ಟೆ ಅಂತ... ಅದಕ್ಕೇ ಹತ್ತಿರ ಹೋಗೋಕೆ ಭಯ."

ರಿಪೇರಿಯಕ್ಕ ಸೂಜಿ ಇರುವ ಕೈಯನ್ನೂ ಮರೆತು ಎದ್ದು ಕೂತಳು. "ಅಂದ್ರೆ, ನನ್ನ ನೋಡಿ ಹೇಸಿಗೆ ಆಗಿದ್ದಲ್ವಾ?"

"ಹೇಸಿಗೇನಾ? ಯಾವ ಹೇಸಿಗೆ? ಯಾರಿಗೆ?" ಅಂತ ಅವನು ಸಿಸ್ಟರ್ ಮುಖ ನೋಡಿದ, ಅಲ್ಲೇನಾದರೂ ಉತ್ತರ ಇದೆಯೋ ಅನ್ನುವ ಹಾಗೆ.

"ನೀವಿಬ್ರೂ ಮನೇಲಿ ಮಾತಾಡೋ ಪದ್ಧತಿ ಇಲ್ವಾ?" ಅಂದರು ಸಿಸ್ಟರ್. ಅಷ್ಟರಲ್ಲಿ ಮೂರನೇ ಮಹಡಿಯಿಂದ ಏದುಸಿರು ಬಿಡುತ್ತಾ ವಾರ್ಡನ್ ಬಂದಳು. ಆ ಫೈಲಿಗೆ ಯಾವ ಸೀಲೂ ಬೇಕಿರಲಿಲ್ಲ ಅಂತ ಜಗಳ ಮಾಡಿ ಬಂದಿದ್ದಳು.

ಜೆಲ್ ಬಂತು. ಗಂಡ ಅದನ್ನು ಅಂಗಡಿಯಿಂದ ಮನೆಗೆ ಜೇಬಿನಲ್ಲಿಟ್ಟು ತಂದ ರೀತಿ ನೋಡಿದ್ದರೆ ಯಾರಾದರೂ ಪೊಲೀಸರಿಗೆ ಹೇಳುತ್ತಿದ್ದರು. ಬಚ್ಚಲುಮನೆಯ ಕಪಾಟಿನಲ್ಲಿ, ಹಲ್ಲುಜ್ಜುವ ಪೇಸ್ಟಿನ ಹಿಂದೆ ಇಟ್ಟ. ಡ್ರಿಪ್ಪಿನ ಸುಸ್ತು ಇಳಿಯಲಿ ಅಂತ ಇಬ್ಬರೂ ಕಾದರು. ಹತ್ತನೆಯ ದಿನ ರಿಪೇರಿಯಕ್ಕ ನೋಡುತ್ತಾಳೆ, ಟ್ಯೂಬು ಅರ್ಧ ಖಾಲಿ!

"ಏನ್ರೀ, ನೀವು ತಗೊಂಡ್ರಾ?"

"ಒಬ್ಬನೇ ತಗೊಂಡು ನಾನೇನು ಮಾಡ್ಲಿ?"

ಉತ್ತರ ಆ ದಿನ ಸಂಜೆ ತಾನಾಗೇ ಮೆಟ್ಟಿಲಿಳಿದು ಬಂತು. ತಾರಸಿಯಲ್ಲಿ ಬಟ್ಟೆ ಹರವಿ, ಒಂದೊಂದು ಮೆಟ್ಟಿಲಿಗೂ ಅಯ್ಯೋ ಅನ್ನುತ್ತಿದ್ದ ವಾರ್ಡನ್, ಆವತ್ತು ದಡದಡ ಇಳಿದು ಬಂದಳು.

"ಆ ಮುಲಾಮು ಎಲ್ಲಿ ತಂದ್ರೇ? ಮೂರು ದಿನ ಮಂಡಿಗೆ ಹಚ್ಚಿ ತಿಕ್ಕಿದೀನಿ, ನೋವು ಅರ್ಧಕ್ಕರ್ಧ ಹೋಗಿದೆ! ವಾಸನೆ ಇಲ್ಲ, ಉರಿ ಇಲ್ಲ. ಸ್ವಲ್ಪ ಜಾರುತ್ತೆ ಅಷ್ಟೆ. ಮೇಲಿನ ಮನೆ ಅಜ್ಜಿಗೂ ಸೊಂಟಕ್ಕೆ ಹಚ್ಚಿದೆ."

ಗಂಡ ಕೆಮ್ಮಿದ. ಹೆಂಡತಿ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡಳು.

"ಏನೋ ನೋಡ್ತಾ ನಿಂತಿದ್ದೀಯ? ಹೋಗಿ ಇನ್ನೂ ಮೂರು ತಗೊಂಡು ಬಾ. ಅಜ್ಜಿಗೊಂದು, ನನಗೊಂದು, ಮನೆಗೊಂದು."

ಅಕ್ಕನ ಮಾತು ಮೀರಿ ಅವನಿಗೆ ಅಭ್ಯಾಸವಿಲ್ಲ. ಹತ್ತು ದಿನದ ಹಿಂದೆ ತಲೆ ತಗ್ಗಿಸಿ ಒಂದು ಟ್ಯೂಬ್ ಒಯ್ದ ಗಿರಾಕಿ ಈಗ ಬಂದು ಮೂರು ಕೇಳಿದಾಗ, ಔಷಧಿ ಅಂಗಡಿಯವನು ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟನಂತೆ. ಈಗಲೂ ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಹೊಡೆಯುತ್ತಾನಂತೆ.

ಮರುದಿನ ಕೊನೆಗೂ ವಾರ್ಡನ್‌ಳ ಕನ್ನಡಕ ರಿಪೇರಿಯಾಗಿ ಬಂತು. ಅವಳು ಯಾವ ಕಾಗದವನ್ನೂ ಪೂರ್ತಿ ಓದದೆ ಬಿಡುವವಳಲ್ಲ. ಹೊಸ ಟ್ಯೂಬಿನ ಡಬ್ಬಿಯೊಳಗೆ ಮಡಿಸಿಟ್ಟ ಹಾಳೆಯನ್ನು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಮೊದಲ ಪುಟ ಓದಿದಳು. ಹಿಂದಿನ ಪುಟ ಓದಿದಳು. ಮತ್ತೆ ಮೊದಲ ಪುಟ ಓದಿದಳು. ಆ ಮಧ್ಯಾಹ್ನ ಮನೆಯಲ್ಲಿ ಯಾರಿಗೂ ಬೈಗುಳ ಸಿಗಲಿಲ್ಲ.

ಟೀ ಹೊತ್ತಿಗೆ ವಾರ್ಡನ್ ಅಡುಗೆಮನೆಗೆ ಬಂದು ಅವಳ ಎದುರು ಸ್ಟೂಲ್ ಎಳೆದುಕೊಂಡು ಕೂತಳು.

"ಇದು ಮಂಡಿದಲ್ಲ."

"ಅಲ್ಲ ಅತ್ತಿಗೆ."

"ಮೊದಲೇ ಹೇಳೋಕಾಗ್ತಿರಲಿಲ್ವಾ?"

"ನೀವು ಅಜ್ಜಿ ಸೊಂಟಕ್ಕೂ ಹಚ್ಚಿ ಆಗಿತ್ತು."

ವಾರ್ಡನ್ ತುಟಿ ಬಿಗಿಹಿಡಿದಳು. ಭುಜ ಕುಲುಕಿತು. ಸಿಟ್ಟು ಅಂದುಕೊಂಡರೆ ನಗು. ಇಬ್ಬರೂ ಸೇರಿ ನಕ್ಕರು, ಟೀ ಉಕ್ಕಿ ಒಲೆ ಆರಿಹೋಗುವಷ್ಟು ನಕ್ಕರು. ನಗು ನಿಂತ ಮೇಲೆ ವಾರ್ಡನ್ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಅದನ್ನು ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಹೇಳಿದಳು.

"ನನಗೆ ಮೂವತ್ತೊಂಬತ್ತಕ್ಕೆ ಗರ್ಭಕೋಶದ ಜೊತೆ ಎಲ್ಲಾನೂ ತೆಗೆದ್ರು. ಆಮೇಲೆ ನಂಗೂ ಹೀಗೇ ಆಗಿತ್ತು. ನಿಮ್ಮ ಭಾವ ಒಳ್ಳೆಯವರು, ಒಂದು ಸಲ ನೋವಾಯ್ತು ಅಂತ ದಿಂಬು ತಗೊಂಡು ಆಚೆ ಕೋಣೆಗೆ ಹೋದ್ರು. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ತೀರಿಹೋಗೋವರೆಗೂ ಹದಿನಾಲ್ಕು ವರ್ಷ ಅಲ್ಲೇ ಮಲಗಿದ್ರು ಕಣೆ. ಇಷ್ಟುದ್ದ ಟ್ಯೂಬು. ಯಾರಾದ್ರೂ ಒಬ್ಬರು ಹೇಳಿದ್ರೆ ಏನಾಗ್ತಿತ್ತು?"

ರಿಪೇರಿಯಕ್ಕ ಅವಳ ಕೈ ಹಿಡಿದುಕೊಂಡಳು.

"ಮಂಡಿ ನೋವು ಹೋಗಿದ್ದಂತೂ ನಿಜ" ಅಂತ ವಾರ್ಡನ್ನೇ ಎದ್ದಳು. ಸೀದಾ ಕೋಣೆಗೆ ಹೋಗಿ, ತನ್ನ ಎರಡು ಟ್ರಂಕನ್ನು ತಾನೇ ಎಳೆದು ಹಾಲ್‌ಗೆ ತಂದಳು. ಸಂಜೆ ತಮ್ಮ ಬಂದು ನೋಡಿದರೆ ಅವನ ಚಾಪೆಯ ಜಾಗದಲ್ಲಿ ಅಕ್ಕ ಕಾಲು ಚಾಚಿ ಕೂತಿದ್ದಾಳೆ. "ಏನು ನೋಡ್ತೀಯ, ಒಳಗೆ ಹೋಗು. ಕೈಕಾಲು ಸೋಪು ಹಾಕಿ ತೊಳ್ಕೊಂಡು ಹೋಗು."

ಎಲ್ಲವೂ ಮೊದಲಿನ ಹಾಗಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮೊದಮೊದಲು ಅವನಿಗೆ ಭಯ, ಇವಳಿಗೆ ನಾಚಿಕೆ. ಅಂಗಿ ತೆಗೆಯಲು ಅವಳಿಗೆ ಇನ್ನೂ ಎರಡು ತಿಂಗಳು ಬೇಕಾಯಿತು. ಕೆಲವು ದಿನ ಜೆಲ್ ಇದ್ದರೂ ಬೇಡವೆನಿಸುತ್ತಿತ್ತು, ಸುಮ್ಮನೆ ತಬ್ಬಿಕೊಂಡು ಮಲಗುತ್ತಿದ್ದರು. ಕೆಲವು ದಿನ ಸರಿಹೋಗುತ್ತಿತ್ತು. ಒಂದು ದಿನ ಟ್ಯೂಬು ಕೈಯಿಂದ ಜಾರಿ ಮಂಚದ ಕೆಳಗೆ ಹೋಗಿ, ಇಬ್ಬರೂ ಟಾರ್ಚ್ ಹಿಡಿದು ಹುಡುಕಿ, ನಕ್ಕೂ ನಕ್ಕೂ ಬಂದ ಕೆಲಸವನ್ನೇ ಮರೆತರು. ಆರು ಡ್ರಿಪ್ಪೂ ಮುಗಿದವು. ಈಗ ದಿನಕ್ಕೊಂದು ಮಾತ್ರೆ, ಐದು ವರ್ಷ. ಕೂದಲು ಬಂದಿದೆ, ಗುಂಗುರು ಗುಂಗುರಾಗಿ.

ಆದರೆ ನನಗೆ ಇಷ್ಟವಾದದ್ದು ಐದನೆಯ ಡ್ರಿಪ್ಪಿನ ದಿನದ ಸಂಗತಿ. ಡಾಕ್ಟರ್ ಕೋಣೆಯ ಹೊರಗೆ ಬೆಂಚಿನ ಮೇಲೆ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ವಾರ್ಡನ್ ಸುಮ್ಮನೆ ಕೂರಲಿಲ್ಲ. ಮೊದಲ ಬೆಂಚಿನವಳ ಹತ್ತಿರ ಹೋಗಿ ಬಗ್ಗಿ ಏನೋ ಕೇಳಿದಳು. ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ವಾರ್ಡನ್ ಮುಂದಿನವಳ ಹತ್ತಿರ ಹೋದಳು. ಅವಳು ತಲೆ ತಗ್ಗಿಸಿ ಹೌದು ಅಂದಳು.

"ಡಾಕ್ಟರಿಗೆ ಹೇಳಿದ್ಯಾ?"

"ಹೇಗೆ ಹೇಳೋದಮ್ಮ, ಅವರು ನನ್ನ ಮಗನ ವಯಸ್ಸಿನವರು."

"ಮಗನ ವಯಸ್ಸಿನವನು ಡಾಕ್ಟರ್ ಓದಿದ್ದು ಯಾಕೆ? ಏಳು. ಯಾರ್ಯಾರು ಕೇಳಿಲ್ವೋ ಎಲ್ಲ ಈ ಕಡೆ ಬಂದು ನಿಂತ್ಕೊಳ್ಳಿ. ತಳ್ಳಾಡ್ಬೇಡಿ. ಒಬ್ಬೊಬ್ಬರೇ ಒಳಗೆ ಹೋಗಿ, ಮೇಜು ನೋಡದೆ, ಅವನ ಮುಖ ನೋಡಿ ಕೇಳಿ."

ಏಳು ಜನ ಎದ್ದು ಸಾಲಾಗಿ ನಿಂತರು. ನಾಲ್ಕನೆಯವಳು ಹೊರಗೆ ಬರುವಷ್ಟರಲ್ಲಿ ಹುಡುಗ ಡಾಕ್ಟರ್ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಸಿಸ್ಟರ್, ಇವತ್ತು ಎಲ್ಲರೂ ಒಂದೇ ವಿಷಯ ಕೇಳ್ತಿದ್ದಾರಲ್ಲ, ಏನಾಗಿದೆ?" ಅಂದನಂತೆ. ದೊಡ್ಡ ಸಿಸ್ಟರ್ ತಲೆ ಎತ್ತದೆ, "ಉತ್ತರಾನೂ ಒಂದೇ ಅಲ್ವಾ ಡಾಕ್ಟ್ರೇ, ಹೇಳ್ತಾ ಹೋಗಿ" ಅಂದರಂತೆ.

ಸಾಲಿನ ಕೊನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಊರುಗೋಲು ಹಿಡಿದು ನಿಂತಿದ್ದಳು. ವಾರ್ಡನ್ ಅವಳ ಹತ್ತಿರ ಹೋಗಿ ದನಿ ತಗ್ಗಿಸಿ, "ಅಮ್ಮಾ, ನೀವು ಕೂತ್ಕೊಳ್ಳಿ. ಇದು ಬೇರೆ ಸಾಲು" ಅಂದಳು.

"ಗೊತ್ತು" ಅಂದಳು ಅಜ್ಜಿ. "ಯಾಕೆ, ನನಗೆ ಗಂಡ ಇಲ್ವಾ?"